ಸುಂದ್ರವ್ವನ ‘ಹೂಂ’

ಅಲಖನೂರಿನಿಂದ ಎರಡು ಕಿಲೋಮೀಟರ್ ಒಳಗೆ, ಕಬ್ಬಿನ ಹೊಲಗಳ ನಡುವೆ ಒಂದು ತೋಟದ ಶಾಲೆ. ಅದಕ್ಕೆ ಎರಡು ಕೋಣೆ, ಒಬ್ಬರೇ ಶಿಕ್ಷಕಿ, ಮೂವತ್ತೊಂದು ಮಕ್ಕಳು, ಮತ್ತೆ ಸುಂದ್ರವ್ವ. ಸರಕಾರದ ಕಾಗದದಲ್ಲಿ ಸುಂದ್ರವ್ವ ಬಿಸಿಯೂಟದ ಅಡುಗೆಯವಳು. ಆದರೆ ಕೌಸರ ಟೀಚರು ಬಂದ ಮೇಲೆ ಆಕೆಗೆ ಇನ್ನೊಂದು ಕೆಲಸ ಗಂಟುಬಿತ್ತು. ಆ ಕೆಲಸಕ್ಕೆ ಕಾಗದವೂ ಇಲ್ಲ, ಹೆಸರೂ ಇಲ್ಲ. ದಿನಾ ಮಧ್ಯಾಹ್ನ ಅಡುಗೆ ಕೋಣೆಯ ಬಾಗಿಲಲ್ಲಿ ಏನೂ ತಿಳಿಯದವಳಾಗಿ ಕೂತುಕೊಳ್ಳಬೇಕು, ಅಷ್ಟೆ.

ಕೌಸರ ಮುಗಳಖೋಡದವರು, ಸ್ಕೂಟಿಯ ಮೇಲೆ ಬಂದು ಹೋಗುವವರು. ಮೊದಲ ತಿಂಗಳಲ್ಲೇ ಅವರಿಗೆ ಒಂದು ವಿಷಯ ತಿಳಿದುಹೋಯಿತು. ಈ ಮಕ್ಕಳು ಗಡಗಡ ಓದುತ್ತಾರೆ, ಆದರೆ ಓದಿದ್ದರಲ್ಲಿ ಅರ್ಧ ಪದ ಅವರ ತಲೆಗೇ ಹೋಗಿರುವುದಿಲ್ಲ. ಮನೆಯಲ್ಲಿ ಒಂದು ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ, ನಡುವೆ ಮರಾಠಿ. ಹಲಗೆಯ ಮೇಲೆ ಅರ್ಥ ಬರೆಸಿದರೆ ಆ ಅರ್ಥವನ್ನೂ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಅದಕ್ಕೇ ಅವರು ಸೋಮವಾರಕ್ಕೊಂದು ಪದ್ಯ, ಗುರುವಾರಕ್ಕೊಂದು ‘ಖರೇ ಪಾಠ’ ಎಂದು ಶುರು ಮಾಡಿದರು. ಖರೇ ಪಾಠವೆಂದರೆ ಕತೆಯಲ್ಲ. ಇರುವೆ ಗೂಡು ಹೇಗೆ ಕಟ್ಟುತ್ತದೆ, ಮೋಡ ಹೇಗಾಗುತ್ತದೆ, ಹಲ್ಲು ಯಾಕೆ ಹುಳುಕಾಗುತ್ತದೆ, ಇಂಥವು. ಪ್ರತಿ ಮಗುವೂ ಓದಿದ್ದರಲ್ಲಿ ಒಂದು ಹೊಸ ಪದ ಆರಿಸಿಕೊಳ್ಳಬೇಕು. ಊಟವಾದ ಮೇಲೆ ಅಡುಗೆ ಕೋಣೆಯ ಬಾಗಿಲಿಗೆ ಹೋಗಿ ಅದನ್ನು ಸುಂದ್ರವ್ವನಿಗೆ ತಿಳಿಯುವ ಹಾಗೆ ಹೇಳಬೇಕು. ಆಕೆ “ಹೂಂ, ತಿಳೀತ” ಎಂದು ನೋಟಬುಕ್ಕಿನಲ್ಲಿ ಆ ಪದದ ಮುಂದೆ ಅರಿಷಿಣದ ಬೊಟ್ಟು ಇಟ್ಟರೆ ಪದ ಆ ಮಗುವಿನದು. ಇಡದಿದ್ದರೆ ಮರುದಿನ ಮತ್ತೆ ಬರಬೇಕು.

“ನನಗ ಒಂದ ಅಕ್ಷರ ಬರಂಗಿಲ್ರಿ ಅಕ್ಕಾರ. ನನ್ನ ಕಡೆ ಯಾಕ ಕಳಸ್ತೀರಿ?” ಎಂದು ಸುಂದ್ರವ್ವ ಮೊದಲು ಕೈ ಮುಗಿದಿದ್ದಳು.

“ಅದಕ್ಕ ನೀವ ಬೇಕಾಗೀರಿ ಆಯಿ. ಗೊತ್ತಿದ್ದವ್ರಿಗೆ ಹೇಳೂದು ಹೇಳಿದಂಗ ಅಲ್ಲ. ನಿಮಗ ಖರೇನ ತಿಳಿಯೂತನಕ ಬೊಟ್ಟ ಇಡಬ್ಯಾಡ್ರಿ, ಅಷ್ಟ ಸಾಕು” ಎಂದಿದ್ದರು ಕೌಸರ.

ಮೊದಮೊದಲು ಸುಂದ್ರವ್ವ ಆ ಮಾತನ್ನು ಚಾಚೂ ತಪ್ಪದೆ ನಡೆಸಿದಳು. ಐವತ್ತೇಳು ವರ್ಷದಲ್ಲಿ ಯಾರೂ ಆಕೆಯ ಹತ್ತಿರ ಕೂತು ಏನನ್ನೂ ಬಿಡಿಸಿ ಹೇಳಿದವರಲ್ಲ. ‘ಇಬ್ಬನಿ’ ಹೇಳಲು ಬಂದವನನ್ನು ಮೂರು ದಿನ ಓಡಾಡಿಸಿ, ಕೊನೆಗೆ “ಅಯ್ಯ, ನಮ್ಮ ತವರಮನಿ ಕಡೆ ಮರಾಠ್ಯಾಗ ದಂವ ಅಂತಾರಲ್ಲ, ಅದ! ಮೊದಲ ಹೇಳಬಾರದ?” ಎಂದು ಬೊಟ್ಟು ಇಟ್ಟಿದ್ದಳು. ಹುಡುಗರು ಆಕೆಗೆ ಹೆದರುತ್ತಿದ್ದರು, ಆದರೂ ಬಾಗಿಲಿಗೆ ಮುಗಿಬೀಳುತ್ತಿದ್ದರು.

ಅವರಲ್ಲೆಲ್ಲ ಪೂನಮ ಎಂಬ ನಾಲ್ಕನೆಯ ತರಗತಿಯ ಹುಡುಗಿ ಸುಂದ್ರವ್ವನ ಕಣ್ಮಣಿ. ಪಕ್ಕದ ತೋಟದ ಲಗಮಪ್ಪನ ಮಗಳು. ತಾಯಿಯಿಲ್ಲದ ಮನೆಯಲ್ಲಿ ಬೆಳೆದ ಕೂಸು, ಬಾಯಿ ಮಾತ್ರ ಹತ್ತು ಮಂದಿಯದು. ಒಂದು ಸೋಮವಾರ ಆಕೆ ‘ಏಕಾಂತ’ ತಂದಿದ್ದಳು.

“ಒಬ್ಬರ ಕುಂದ್ರೂದು ಅಂದಿ. ಒಬ್ಬರ ಕುಂತ್ರ ಬ್ಯಾಸರಕಿ ಬರಂಗಿಲ್ಲೇನ?” ಎಂದು ಸುಂದ್ರವ್ವ ಬೊಟ್ಟು ಹಿಡಿದಿಟ್ಟಳು.

“ಬ್ಯಾಸರಾದ್ರ ಅದು ಒಂಟಿತನ ಆಯಿ. ಚಲೋ ಅನಸಿದ್ರ ಏಕಾಂತ. ನೀ ಎಲ್ಲಾ ಭಾಂಡೆ ತಿಕ್ಕಿ ಮುಗದ ಮ್ಯಾಲ ಹಿಂದಿನ ಬಾಗಲದಾಗ ಕುಂತ ಎಲಿ ಹಾಕ್ಕೋತಿಯಲ್ಲ, ಯಾರರ ಕರದ್ರ ಸಿಟ್ಟ ಬರತೈತೆಲ್ಲ, ಅದ ನೋಡು.”

ಸುಂದ್ರವ್ವ ಬೆರಳನ್ನು ಅರಿಷಿಣದಲ್ಲಿ ಅದ್ದಿದಳು. ತಾನು ದಿನಾ ಮಾಡುವ ಕೆಲಸಕ್ಕೆ ಇಷ್ಟು ಚೆಂದದ ಹೆಸರಿದೆಯೆಂದು ಆಕೆಗೆ ಆವತ್ತೇ ಗೊತ್ತಾಗಿದ್ದು. ಮನೆಗೆ ಹೋಗಿ ಸೊಸೆ ಸಪನಾಳಿಗೆ, “ನಾ ಈಗ ಏಕಾಂತದಾಗ ಅದೇನಿ, ಮಾತಾಡಸಬ್ಯಾಡ” ಎಂದಳಂತೆ. ಮಗ ದಶರಥ ಬಿದ್ದು ಬಿದ್ದು ನಕ್ಕಿದ್ದ.

ಎಲ್ಲ ಹೀಗೇ ನಡೆದಿದ್ದರೆ ಈ ಕತೆ ಹೇಳುವ ಕಾರಣವೇ ಇರುತ್ತಿರಲಿಲ್ಲ. ದೀಪಾವಳಿಗೆ ಮುಂಚೆ ಶಾಲೆ ನೋಡಲು ಸಿ.ಆರ್.ಪಿ. ಸಾಹೇಬರು ಬಂದರು. ಕೌಸರ ಖುಷಿಯಿಂದ ತಮ್ಮ ಪದ್ಧತಿ ವಿವರಿಸಿದರು. ಸಾಹೇಬರು ಮೆಚ್ಚಿ ತಲೆದೂಗಿ, ಅಡುಗೆ ಕೋಣೆಯ ಬಾಗಿಲಿಗೇ ಬಂದು, ಎಲ್ಲ ಮಕ್ಕಳ ಎದುರು, “ಏನ್ ಆಯಿ, ಪಂಡಿತರಾಗೀರಂತ! ಹೋದ ವಾರ ಬಾಷ್ಪೀಭವನಕ್ಕ ಬೊಟ್ಟ ಇಟ್ಟೀರಿ. ಏನ್ ಅದು, ನಮಗೂ ಹೇಳ್ರಲ್ಲ” ಎಂದರು. ಅವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಸುಂದ್ರವ್ವನ ಕೈಯಲ್ಲಿ ಸೌಟು ಹಾಗೇ ನಿಂತಿತು. ಹೋದ ವಾರ ಸರಿಯಾಗಿ ತಿಳಿದಿದ್ದು ಈಗ ತಲೆಯಿಂದ ಪೂರಾ ಹಾರಿಹೋಗಿತ್ತು. “ಬಾಷ್ಪ... ಬಾಷ್ಪ...” ಎಂದು ತಡವರಿಸಿದಳು. ಹಿಂದಿನಿಂದ ಒಂದು ಮಗು, “ಆಯಿಗೆ ಎಷ್ಟ ಹೇಳಿದ್ರೂ ತಲ್ಯಾಗ ನಿಂದರಂಗಿಲ್ರಿ ಸರ್” ಎಂದಿತು. ಮೂವತ್ತೊಂದು ಬಾಯಿ ಒಮ್ಮೆಲೇ ನಕ್ಕವು.

ಕೌಸರ ಗದರಿದರು. ಸಾಹೇಬರು ಸಮಾಧಾನ ಹೇಳಿದರು. ಅದು ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ತಿಳಿದರು. ಆದರೆ ಸುಂದ್ರವ್ವನ ಮುಖ ಆವತ್ತು ಸಣ್ಣದಾದದ್ದು ಮತ್ತೆ ಮೊದಲಿನಂತಾಗಲಿಲ್ಲ. ಮಾರನೆಯ ದಿನದಿಂದ ಆಕೆ ಪ್ರಶ್ನೆ ಕೇಳುವುದನ್ನು ಬಿಟ್ಟಳು. ಪ್ರಶ್ನೆ ಕೇಳಿದರೆ ತಾನೆಷ್ಟು ದಡ್ಡಳೆಂದು ಗೊತ್ತಾಗುತ್ತದೆ, “ಹೂಂ” ಎಂದರೆ ಗೊತ್ತಾಗುವುದಿಲ್ಲ. ಮಗು ಬಂದು ಬಾಯಿ ತೆರೆಯುವಷ್ಟರಲ್ಲಿ ಬೆರಳು ಅರಿಷಿಣದ ಡಬ್ಬಿಯಲ್ಲಿ ಇರುತ್ತಿತ್ತು. “ಹೂಂ, ತಿಳೀತ, ಹೋಗು.” ಹುಡುಗರಿಗೂ ಹಿಗ್ಗೋ ಹಿಗ್ಗು. ನೋಟಬುಕ್ಕುಗಳು ಹಳದಿಯಾಗಿ ಹೊಳೆಯತೊಡಗಿದವು. ಕೌಸರ ಅದನ್ನು ನೋಡಿ, ಮಕ್ಕಳು ಎಷ್ಟು ಸುಧಾರಿಸಿದ್ದಾರೆಂದು ಒಳಗೊಳಗೇ ಸಂತೋಷಪಟ್ಟರು.

ಕಬ್ಬು ಕಡಿಯುವ ಸುಗ್ಗಿ ಬಂತು. ಕಬ್ಬಿನ ಗದ್ದೆಗಳಲ್ಲಿ ಹಾವಿನ ಕಾಟ ಎಂದಿನದೇ. ಕೌಸರ ಒಂದು ಗುರುವಾರ ತಾವೇ ಕೂತು ‘ಹಾವು ಕಚ್ಚಿದಾಗ’ ಎಂಬ ಖರೇ ಪಾಠ ಬರೆದು ತಂದರು. ಓಡಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು, ದವಾಖಾನೆಯಲ್ಲಿ ಮಾತ್ರ ಪ್ರತಿವಿಷ ಸಿಗುತ್ತದೆ, ಹೀಗೆ ಒಂದೂವರೆ ಪುಟ. ಅದರಿಂದ ಪೂನಮ ಆರಿಸಿಕೊಂಡ ಪದ ‘ರಕ್ತಸಂಚಾರ’.

ಊಟವಾದ ಮೇಲೆ ಆಕೆ ಬಂದು ಹೊಸ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಒಂದು ಕಡ್ಡಿಯಿಂದ ನೆಲದ ಮೇಲೆ ಕಾಲುವೆ ಗೀರಿದಳು, ಅದರ ಅಕ್ಕಪಕ್ಕ ಹೊಲ ಬರೆದಳು. “ಇದು ಕಾಲವಿ ಆಯಿ. ಇದರಾಗಿನ ನೀರ ರಕ್ತ ಅನಕೊ. ಇಲ್ಲಿ ಮಣ್ಣ ಹಾಕಿ ಗಟ್ಟಿ ಒಡ್ಡ ಕಟ್ಟಿದ್ರ ಮುಂದಿನ ಹೊಲಕ್ಕ ನೀರ ಹೋಗಂಗಿಲ್ಲ, ಒಣಗತೈತಿ. ಕಾಲಿಗೆ ಹಗ್ಗ ಬಿಗದ್ರೂ ಹಂಗ. ವಿಷ ನಿಂದರಂಗಿಲ್ಲ, ಕಾಲ ಸಾಯತೈತಿ.”

ಅಷ್ಟು ಚೆನ್ನಾಗಿ ಆ ಹುಡುಗಿ ಎಂದೂ ಹೇಳಿರಲಿಲ್ಲ. ಆದರೆ ಆ ಹೊತ್ತಿಗೆ ಸುಂದ್ರವ್ವನ ಗಮನ ಗ್ಯಾಸ್ ಸಿಲಿಂಡರಿನ ಮೇಲಿತ್ತು. ಉರಿ ಹಳದಿಗೆ ತಿರುಗಿತ್ತು, ನಾಳೆ ಬೆಳಿಗ್ಗೆ ಮಕ್ಕಳ ಹಾಲು ಕಾಯುವತನಕ ಬಂದೀತೋ ಇಲ್ಲವೋ. ಆಕೆಯ ಕಿವಿಗೆ ‘ಕಾಲವಿ’ ಎಂದೇನೋ ಬಿತ್ತು, ‘ಹೊಲ’ ಎಂದೇನೋ ಬಿತ್ತು. “ಹೂಂ, ತಿಳೀತ” ಎಂದು ಬೊಟ್ಟು ಇಟ್ಟಳು.

“ಏನ್ ತಿಳೀತ ಹೇಳು ನೋಡೂಣು?” ಎಂದು ಪೂನಮ ನಗುತ್ತ ಕೇಳಿದಳು. ಆಕೆಗೊಬ್ಬಳಿಗೆ ಇತ್ತೀಚಿನ ಬೊಟ್ಟುಗಳ ಮೇಲೆ ಸಂಶಯ ಬಂದಿತ್ತೋ ಏನೋ.

“ಎಲ್ಲಾ ತಿಳೀತ್ಲೇ. ಏಳು, ಭಾಂಡೆ ಬಿದ್ದಾವ” ಎಂದು ಸುಂದ್ರವ್ವ ಅವಳನ್ನು ಎಬ್ಬಿಸಿ ಕಳಿಸಿದಳು.

ಅದಾಗಿ ಹನ್ನೆರಡು ದಿನಕ್ಕೆ ದಶರಥನಿಗೆ ಹಾವು ಕಚ್ಚಿತು.

ಮಧ್ಯಾಹ್ನ ನಾಲ್ಕೂವರೆ. ತ್ರೀ ಫೇಸ್ ಕರೆಂಟು ಬಂದಿತ್ತೆಂದು ದಶರಥ ಕಬ್ಬಿಗೆ ನೀರು ತಿರುವುತ್ತಿದ್ದ. ಕೊಳಕಮಂಡಲ. ಎಡಗಾಲಿನ ಹಿಮ್ಮಡಿಯ ಮೇಲೆ. ಅವನ ಕೂಗಿಗೆ ಮೊದಲು ಓಡಿದವನು ಲಗಮಪ್ಪ, ಅವನ ಹಿಂದೆ ಶಾಲೆಯಿಂದ ಆಗಷ್ಟೇ ಬಂದ ಪೂನಮ, ಅವರ ಹಿಂದೆ ಬಿಚ್ಚಿದ ಸೆರಗು ಹಾರಿಸಿಕೊಂಡು ಸುಂದ್ರವ್ವ. ಮಗ ಬದುವಿನ ಮೇಲೆ ಕೂತು ಕಾಲು ಹಿಡಿದುಕೊಂಡಿದ್ದ. ಸುಂದ್ರವ್ವನ ಕೈ ತಾನಾಗಿ ಕೆಲಸ ಮಾಡಿತು. ಎತ್ತಿನ ಹಗ್ಗ ಅಲ್ಲೇ ಬಿದ್ದಿತ್ತು. ಎತ್ತಿಕೊಂಡು ಮೊಣಕಾಲ ಕೆಳಗೆ ಸುತ್ತಿದಳು.

“ಕಟ್ಟಬ್ಯಾಡ ಆಯಿ!” ಪೂನಮ ಚೀರಿದಳು. “ರಕ್ತಸಂಚಾರ ನಿಂದರತೈತಿ! ಕಟ್ಟಬ್ಯಾಡ!”

“ಸುಮ್ನಿರ್ಲೇ! ದೊಡ್ಡವ್ರ ನಡುವ ಬಾಯಿ ಹಾಕತಿ” ಎಂದು ಲಗಮಪ್ಪ ಮಗಳ ಬೆನ್ನಿಗೆ ಒಂದು ಕೊಟ್ಟ.

“ಆಯಿಗೆ ಗೊತ್ತೈತಿ ಅಪ್ಪಾ! ನಾ ಹೇಳೀನಿ. ಆಯಿಗೆ ತಿಳದೈತಿ. ಕೇಳಬೇಕಾದ್ರ!”

ಲಗಮಪ್ಪ ಸುಂದ್ರವ್ವನ ಮುಖ ನೋಡಿದ. ಓಡಿ ಬಂದ ಇನ್ನಿಬ್ಬರೂ ನೋಡಿದರು. ಸುಂದ್ರವ್ವನ ಕೈ ಗಂಟಿನ ಮೇಲೆ ಒಂದು ಗಳಿಗೆ ನಿಂತಿತು. ಹುಡುಗಿ ಏನೋ ಹೇಳಿದ್ದಳು, ಹೌದು. ಏನೆಂದು ನೆನಪಿಗೆ ಬಂದಿದ್ದರೆ ಆ ಗಳಿಗೆಗೆ ಒಂದು ಅರ್ಥವಿರುತ್ತಿತ್ತು. ಬರಲಿಲ್ಲ. ಹಾವು ಕಚ್ಚಿದರೆ ಕಟ್ಟುವುದು ತಾತಮುತ್ತಾತಂದಿರ ಕಾಲದಿಂದ ಬಂದದ್ದು, ಅದನ್ನು ಬಿಡು ಎನ್ನುವುದಕ್ಕೆ ಆಕೆಯ ತಲೆಯೊಳಗೆ ಒಂದೂ ಕಾರಣವಿರಲಿಲ್ಲ. ಹಗ್ಗವನ್ನು ಇನ್ನೊಂದು ಸುತ್ತು ಎಳೆದು ಗಂಟು ಹಾಕಿದಳು.

“ಸಡಲ ಬಿಡ ಯವ್ವಾ, ಕಾಲ ಸಿಡ್ಯಾಕತ್ತೈತಿ” ಎಂದ ದಶರಥ.

“ತಡಕೋ ನನ್ನಪ್ಪಾ, ಸ್ವಲ್ಪ ತಡಕೋ.”

ಆ ತೋಟಗಳ ಕಡೆ ಹಾವು ಕಚ್ಚಿದವರನ್ನು ಮೊದಲು ಊರ ಮಾರುತಿ ಗುಡಿಯ ಕಟ್ಟೆಯ ಮೇಲೆ ಮಲಗಿಸುವುದು ರೂಢಿ. ಬೇವಿನ ಎಲೆ ತಿನ್ನಿಸಿ, ಕಹಿ ಹತ್ತುತ್ತದೋ ಇಲ್ಲವೋ ನೋಡಿ, ತೀರ್ಥ ಕುಡಿಸಿ, ಆಮೇಲೆ ಮುಂದಿನ ವಿಚಾರ. ದಶರಥನಿಗೂ ಅದೇ ನಡೆಯಿತು. ಎರಡು ತಾಸು ಕಳೆಯಿತು. ಕಾಲು ಕಪ್ಪಗೆ ಊದಿ ಹಗ್ಗವೇ ಕಾಣದಂತಾದಾಗ ಯಾರೋ ಟಂಟಂ ಗಾಡಿ ತಂದರು. ರಾಯಬಾಗಕ್ಕೆ ಹೋದರು, ಅಲ್ಲಿ ಪ್ರತಿವಿಷ ಕೊಟ್ಟು ಮುಂದೆ ಮಿರಜಿಗೆ ಕಳಿಸಿದರು. ಜೀವ ಉಳಿಯಿತು. ಐದನೆಯ ದಿನ ಮೊಣಕಾಲ ಕೆಳಗಿನಿಂದ ಕಾಲು ತೆಗೆದರು.

ಮಿರಜಿನ ಡಾಕ್ಟರು ಕಿರಿಯ ವಯಸ್ಸಿನವರು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುವವರು. “ಇಷ್ಟು ಗಟ್ಟಿ ಕುಣೀ ಬಾಂಧಲ? ಯಾರು ಕಟ್ಟಿದ್ರು? ವಿಷದಿಂದ ಹೋಗಿದ್ದು ಸ್ವಲ್ಪ, ಹಗ್ಗದಿಂದ ಹೋಗಿದ್ದು ಜಾಸ್ತಿ. ಮುಂದ ರಕ್ತ ಹೋಗಲಿಲ್ಲ ಅಂದ್ರ ಕಾಲು ಹೆಂಗ ಉಳೀತೈತಿ?” ಎಂದರು.

“ನಮಗೇನ ಗೊತ್ತರಿ ಸಾಹೇಬ್ರ, ಓದದ ಮಂದಿ ನಾವು” ಎಂದ ಲಗಮಪ್ಪ.

ಸುಂದ್ರವ್ವ ಅವನ ಬೆನ್ನ ಹಿಂದೆ ನಿಂತಿದ್ದಳು. ಮುಂದೆ ರಕ್ತ ಹೋಗಲಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಡ್ಡಿಯಿಂದ ಗೀರಿದ ಕಾಲುವೆ ಪೂರ್ತಿಯಾಗಿ ಕಣ್ಣೆದುರು ಬಂತು. ಒಡ್ಡು, ಒಣಗಿದ ಹೊಲ, ಕಾಲು ಸಾಯುತ್ತದೆ ಎಂದ ಆ ಸಣ್ಣ ದನಿ. ಗ್ಯಾಸಿನ ಹಳದಿ ಉರಿಯೂ ಬಂತು. ಓದದ ಮಂದಿಗೆ ಕ್ಷಮೆ ಇದೆ. ತನಗೆ ಆ ಕ್ಷಮೆಯಲ್ಲಿ ಪಾಲಿಲ್ಲ ಎಂದು ಆಕೆಗೆ ಅಲ್ಲೇ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ.

ಇಪ್ಪತ್ತಾರು ದಿನಕ್ಕೆ ದಶರಥನನ್ನು ಮನೆಗೆ ತಂದರು. ನೋಡಲು ತೋಟದವರೆಲ್ಲ ಬಂದಿದ್ದರು. ಪೂನಮ ಅಪ್ಪನ ಹಿಂದೆ ನಿಂತು ಮಡಚಿ ಹೊಲಿದ ಪ್ಯಾಂಟಿನ ಕಾಲನ್ನೇ ನೋಡುತ್ತಿದ್ದಳು. ಸಪನಾ ಆಕೆಯನ್ನು ಕಂಡದ್ದೇ ಕೈ ಹಿಡಿದು ಎಳೆದಳು. ಇಷ್ಟು ದಿನ ಎಲ್ಲೂ ಹರಿಯದ ದುಃಖ ಆ ಹುಡುಗಿಯ ಮೇಲೆ ಹರಿಯಿತು.

“ನಿನಗ ಗೊತ್ತಿತ್ತಂತಲ್ಲ! ಶಾಲ್ಯಾಗ ಕಲತಿದ್ದೆಂತಲ್ಲ! ಯಾಕ ಸರಿಯಾಗಿ ತಿಳಿಸಿ ಹೇಳಲಿಲ್ಲ? ಪುಸ್ತಕದ ಮಾತ ಒದರಿದ್ರ ನಮ್ಮಂಥವ್ರಿಗೆ ತಿಳೀತೈತೇನ? ನೀ ಸುದ್ದಾಗಿ ಹೇಳಿದ್ರ ನನ್ನ ಗಂಡನ ಕಾಲ ಇರ್ತಿತ್ತ!”

ಪೂನಮ ತಿರುಗಿ ಸುಂದ್ರವ್ವನನ್ನು ನೋಡಿದಳು. ಕೇಳಿಕೊಳ್ಳುವ ನೋಟವೂ ಅಲ್ಲ, ದೂರುವ ನೋಟವೂ ಅಲ್ಲ. ಆಯಿ ಈಗ ಹೇಳುತ್ತಾಳೆ ಎಂದು ಕಾಯುವ ನೋಟ. ಸುಂದ್ರವ್ವ ಮಗನ ಹಾಸಿಗೆ ಸರಿಪಡಿಸುವ ನೆಪದಲ್ಲಿ ಬಗ್ಗಿದಳು.

ಆವತ್ತಿನಿಂದ ಪೂನಮನ ಮಾತು ನಿಂತಿತು.

ನಾಲಿಗೆ ಬಿದ್ದುಹೋಯಿತು ಎಂದು ತೋಟದಲ್ಲಿ ಆಡಿಕೊಂಡರು. ದೃಷ್ಟಿ ಎಂದರು, ದೆವ್ವ ಎಂದರು. ಹುಡುಗಿ ಉಣ್ಣುತ್ತಿದ್ದಳು, ಶಾಲೆಗೂ ಬರುತ್ತಿದ್ದಳು. ಕೇಳಿದ್ದಕ್ಕೆ ತಲೆ ಆಡಿಸುತ್ತಿದ್ದಳು. ಆದರೆ ಪದ್ಯ ಓದು ಎಂದರೆ ಪುಸ್ತಕ ಹಿಡಿದು ಎದ್ದು ನಿಂತು, ಓದದೆ ಕೂತುಕೊಳ್ಳುತ್ತಿದ್ದಳು. ಅಡುಗೆ ಕೋಣೆಯ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ, ಯಾಕೆಂದರೆ ಸುಂದ್ರವ್ವ ಕೆಲಸಕ್ಕೆ ಮರಳುವ ಮೊದಲೇ ಕೌಸರ ಆ ಪದ್ಧತಿಯನ್ನೇ ನಿಲ್ಲಿಸಿಬಿಟ್ಟಿದ್ದರು. ಮಕ್ಕಳು ಗಳಿಸಿದ ಪದಗಳನ್ನು ಬರೆದು ಗೋಡೆಗೆ ಹಚ್ಚಿದ್ದ ಪಟ್ಟಿಯನ್ನೂ ಬಿಚ್ಚಿ ಸುರುಳಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದರು. ಈಗ ಬೇರೆ ಶಾಲೆಗಳಂತೆ ಅಲ್ಲಿಯೂ ಹಲಗೆಯ ಮೇಲೆ ಅರ್ಥ, ನೋಟಬುಕ್ಕಿನಲ್ಲಿ ನಕಲು.

ಒಂದು ಶುಕ್ರವಾರ ಊಟದ ಹೊತ್ತಿಗೆ ಕೌಸರ ತಾವೇ ಬಾಗಿಲಿಗೆ ಬಂದರು. ಕಣ್ಣು ಕೆಂಪಾಗಿದ್ದವು.

“ಲಗಮಪ್ಪ ಬಂದಿದ್ರು ಆಯಿ. ಪೂನಮನ್ನ ಶಾಲಿ ಬಿಡಸ್ತಾರಂತ. ಸೋಮವಾರ ಐಗಳಿ ಊರಾಗಿನ ಸ್ವಾದರತ್ತಿ ಮನಿಗೆ ಕಳಸ್ತಾರಂತ, ಅಲ್ಲಿ ಮನಿಗೆಲಸಾ ಮಾಡಕೊಂಡ ಇರ್ಲಿ ಅಂತ. ಮಾತ ಬಿಟ್ಟ ಹುಡುಗಿಗೆ ಯಾಕ ಶಾಲಿ ಅಂತಾರ.”

ಸುಂದ್ರವ್ವ ಅನ್ನದ ಬೋಗುಣಿಯಿಂದ ತಲೆ ಎತ್ತಲಿಲ್ಲ.

“ತಪ್ಪ ನಂದ ಐತಿ ಅನಸತೈತಿ. ಪದಾ ಕಲಿಸಿದೆ, ಆದ್ರ ಇನ್ನೊಬ್ಬರಿಗೆ ಮುಟ್ಟೂ ಹಂಗ ಹೇಳೂದು ಕಲಸಲಿಲ್ಲ. ಮಗು ಪಾಪ ಬರೇ ಪುಸ್ತಕದ ಮಾತ ಹೇಳಿತ್ತೇನೋ. ನೀವ ಹೇಳ್ರಿ ಆಯಿ, ಆ ಗುರುವಾರ ಆಕಿ ನಿಮಗ ಹೆಂಗ ಹೇಳಿದ್ಲು? ಅರ್ಧಾ ಮರ್ಧಾ ಹೇಳಿದ್ಲೇನ?”

ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಬೇಕಿರಲಿಲ್ಲ. ಇಬ್ಬರೇ ಇದ್ದರು. ಕೇಳುವವರೂ ಒಳ್ಳೆಯವರು. ಆದರೆ ಸುಂದ್ರವ್ವನ ಕಣ್ಣಿಗೆ ಕಂಡದ್ದು ಕೌಸರ ಅಲ್ಲ. ಮನೆಯಲ್ಲಿ ಮಂಚದ ಮೇಲೆ ಕೂತ ಮಗ, ಒಲೆಯ ಮುಂದೆ ಕೂತ ಸೊಸೆ.

“ಸಣ್ಣ ಹುಡುಗ್ರ ಮಾತಲ್ಲೇನ್ರಿ ಅಕ್ಕಾರ,” ಎಂದಳು. “ಅರ್ಧಾ ಮರ್ಧಾನ ಹೇಳಿರಬೇಕು.”

ಟಣ್ ಎಂದಿತು. ಇಬ್ಬರೂ ತಿರುಗಿದರು. ಪೂನಮ ತೊಳೆದ ತಾಟು ಇಡಲು ಬಂದವಳು ಹೊಸ್ತಿಲಾಚೆ ನಿಂತಿದ್ದಳು. ತಾಟು ಕಾಲಬುಡದಲ್ಲಿ ಬಿದ್ದಿತ್ತು. ಅದನ್ನು ಎತ್ತಿ, ಒರೆಸಿ, ಬುಟ್ಟಿಯಲ್ಲಿ ಇಟ್ಟು, ಇಬ್ಬರ ಮುಖವನ್ನೂ ನೋಡದೆ ಹೋದಳು. ಅವಳು ಅತ್ತಿದ್ದರೆ ಸುಂದ್ರವ್ವನಿಗೆ ಇಷ್ಟು ಉರಿಯುತ್ತಿರಲಿಲ್ಲ. ಆ ಹುಡುಗಿ ಆಯಿಯ ಮಾತನ್ನು ನಂಬಿದ್ದಳು. ಕಾಲುವೆ ಬರೆದದ್ದು, ಹೊಲ ಬರೆದದ್ದು, ಎಲ್ಲ ತನ್ನದೇ ಅರ್ಧಮರ್ಧ ಎಂದು ಒಪ್ಪಿಕೊಂಡು ಹೋದಳು.

ಸುಂದ್ರವ್ವ ಆ ದಿನ ಭಾಂಡೆ ತಿಕ್ಕಿದ ಮೇಲೆ ಹಿಂದಿನ ಬಾಗಿಲಲ್ಲಿ ಕೂರಲಿಲ್ಲ. ಮನೆಗೆ ಹೋದಳು, ರೊಟ್ಟಿ ಮುರಿದಳು, ಬಾಯಿಗೆ ಇಡಲಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಒಂದು ಸಲ ಹೂಂ ಎಂದು ಮಗನ ಕಾಲು ಕಳೆದಳು. ಈಗ ಅದೇ ಮಾನಕ್ಕಾಗಿ ಇನ್ನೊಬ್ಬರ ಮಗಳ ಬಾಳು.

ಶನಿವಾರ ಮುಂಜಾನೆಯ ಶಾಲೆ. ಕೌಸರ ಹಲಗೆಯ ಮೇಲೆ ಬರೆಯುತ್ತಿದ್ದರು. ಸುಂದ್ರವ್ವ ಒಲೆ ಆರಿಸಿ, ಕೈ ಒರೆಸಿಕೊಂಡು, ತರಗತಿಯ ಒಳಗೆ ಬಂದಳು. ಒಂಬತ್ತು ವರ್ಷದ ಅಡುಗೆ ಕೆಲಸದಲ್ಲಿ ಆಕೆ ಆ ಹೊಸ್ತಿಲು ದಾಟಿದ್ದು ಕಸ ಹೊಡೆಯಲಿಕ್ಕೆ ಮಾತ್ರ, ಅದೂ ಮಕ್ಕಳು ಹೋದ ಮೇಲೆ.

“ಅಕ್ಕಾರ, ನಾ ನಿನ್ನೆ ಸುಳ್ಳ ಹೇಳೇನ್ರಿ.”

ಕೌಸರ ಬಳಪ ಹಿಡಿದ ಕೈ ಇಳಿಸಿದರು.

“ಪೂನವ್ವ ಸುದ್ದ ಹೇಳಿದ್ಲು. ಕಡ್ಡಿ ತಗೊಂಡ ಕಾಲವಿ ತಗದ ಹೇಳಿದ್ಲು. ಯಾವ ಕೂಸರ ಕೇಳಿದ್ರ ತಿಳೀತಿತ್ತ, ಅಷ್ಟ ಚಂದ ಹೇಳಿದ್ಲು. ನಾ ಕೇಳಲಿಲ್ಲ. ನನ್ನ ಚಿತ್ತ ಗ್ಯಾಸಿನ ಮ್ಯಾಲಿತ್ತು. ಕೇಳದ ಹೂಂ ಅಂದೆ. ಅದೊಂದ ಅಲ್ರಿ, ಸಾಹೇಬ್ರು ಬಂದ ಹೋದ ಮ್ಯಾಲ ಎಲ್ಲಾರಿಗೂ ಹಂಗ ಹೂಂ ಅಂದೇನಿ. ಹುಡುಗ್ರು ನಕ್ರಂತ ನನಗ ನಾಚಿಕಿ ಬಂದಿತ್ರಿ.”

ಮೂರನೆಯ ಸಾಲಿನಲ್ಲಿ ಪೂನಮ ಎದ್ದು ನಿಂತಳು. ಬಾಯಿ ತೆರೆಯಿತು, ಮೊದಲು ದನಿ ಬರಲಿಲ್ಲ.

“ನಾ ಕೇಳಿದ್ದೆ,” ಎಂದಳು. ದನಿ ಒಡಕಾಗಿತ್ತು. “ಏನ್ ತಿಳೀತ ಹೇಳು ಅಂತ ಕೇಳಿದ್ದೆ! ಎಲ್ಲಾ ತಿಳೀತ್ಲೇ ಅಂದಿ! ಭಾಂಡೆ ಬಿದ್ದಾವ ಅಂತ ಎಬ್ಬಿಸಿ ಕಳಿಸಿದಿ! ಸಪನಾ ಕಾಕೂ ನನಗ ಬೈಯಾಕತ್ತಾಗ ನೀ ಅಲ್ಲೇ ಇದ್ದಿ! ನಾ ದಿನಾ ಮನ್ಯಾಗ ಕುಂತ ಕಾಲವಿ ಬರದ ಬರದ ನೋಡೇನಿ, ಎಲ್ಲಿ ತಪ್ಪ ಹೇಳೇನಿ ಅಂತ! ಗ್ವಾಡಿಗೆ ಹೇಳಿ ನೋಡೇನಿ! ಸುಳ್ಳ ಬುರುಕಿ ನೀ! ನಿನಗ ತಿಳಿಯಂಗಿಲ್ಲ ಅಂದಿದ್ರ ನಾ ನೂರ ಸಲ ಹೇಳತಿದ್ದೆ! ನೂರ ಸಲ!”

“ಪೂನಮ!” ಎಂದರು ಕೌಸರ.

“ಬಿಡ್ರಿ ಅಕ್ಕಾರ,” ಎಂದಳು ಸುಂದ್ರವ್ವ. “ಅನ್ಲಿ. ಎಷ್ಟ ಅಂತಾಳ ಅನ್ಲಿ.”

ಹುಡುಗಿ ಅಂದಳು. ಒಂದೂವರೆ ತಿಂಗಳು ಒಳಗಿಟ್ಟುಕೊಂಡದ್ದನ್ನೆಲ್ಲ, ಮನೆಯ ಮಾತು, ಪುಸ್ತಕದ ಮಾತು, ಬೈಗುಳ, ಎಲ್ಲ ಕಲಸಿ ಅಂದಳು. ಕೊನೆಗೆ ಡೆಸ್ಕಿನ ಮೇಲೆ ತಲೆಯಿಟ್ಟು ಬಿಕ್ಕಿದಳು. ಕೌಸರ ಹೋಗಿ ಅವಳ ಪಕ್ಕ ಕೂತರು. ಸುಂದ್ರವ್ವನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಅದಕ್ಕೆ ಸುಂದ್ರವ್ವ ಬೇಸರಪಡಲಿಲ್ಲ. ಶಾಲೆ ಬಿಟ್ಟ ಮೇಲೆ ಆಕೆ ಲಗಮಪ್ಪನ ತೋಟಕ್ಕೂ ಹೋಗಿ ಅದೇ ಮಾತು ಹೇಳಿದಳು. ಅವನು, “ಐಗಳಿಗೆ ಕಳಸಂಗಿಲ್ಲ, ಹೋಗು” ಎಂದಷ್ಟೇ ಹೇಳಿದ. ಒಳಗೆ ಬಾ ಎನ್ನಲಿಲ್ಲ.

ಇನ್ನುಳಿದದ್ದು ಸ್ವಂತ ಮನೆ. ಅಲ್ಲಿಗೆ ಬರುವ ದಾರಿ ಆವತ್ತು ಎಂದಿಗಿಂತ ಉದ್ದವಾಗಿತ್ತು.

ಸಂಜೆ ಹೊತ್ತು ಮುಳುಗುತ್ತಿತ್ತು. ದಶರಥ ಅಂಗಳದಲ್ಲಿ ಮಂಚದ ಮೇಲೆ ಕೂತಿದ್ದ. ಒಳಗೆ ಸಪನಾ ರೊಟ್ಟಿ ಬಡಿಯುತ್ತಿದ್ದಳು. ಸುಂದ್ರವ್ವ ಮಗನ ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕಾಲುವೆಯ ಚಿತ್ರ, ಗ್ಯಾಸ್, ಹೂಂ, ಡಾಕ್ಟರ ಮಾತು ಕೇಳಿದಾಗ ಎಲ್ಲ ನೆನಪಾದದ್ದು, ನಿನ್ನೆ ಹೇಳಿದ ಸುಳ್ಳು. ನಡುವೆ ಎಲ್ಲೋ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ದಶರಥ ತನ್ನ ಮಡಚಿದ ಪ್ಯಾಂಟಿನ ಅಂಚನ್ನು ಬೆರಳಿನಿಂದ ತೀಡುತ್ತಿದ್ದ.

“ಹಗ್ಗ ಕಟ್ಟೂ ಮುಂದ ನಾ ಏನಂದೆ, ನೆನಪೈತೇನ ಬೇ?”

“ಐತಪ್ಪಾ. ಸಡಲ ಬಿಡು ಅಂದಿ.”

“ನೀ ತಡಕೋ ಅಂದಿ.”

“ಹೌದಪ್ಪಾ.”

“ದವಾಖಾನ್ಯಾಗ ನಿದ್ದಿ ಬರ್ತಿರಲಿಲ್ಲ. ಕಾಲ ಇರದ ಜಾಗಾದಾಗ ನೋವ ಆಗ್ತಿತ್ತ. ಸಿಟ್ಟ ಬರ್ತಿತ್ತ, ಯಾರ ಮ್ಯಾಲ ಅಂತ ಹೇಳಲಿ. ಆಗ ನನಗ ನಾನ ಒಂದ ಮಾತ ಹೇಳಕೋತಿದ್ದೆ. ನಮ್ಮವ್ವಗ ಏನ್ ಗೊತ್ತು ಪಾಪ, ಗೊತ್ತಿದ್ರ ಕಟ್ಟತಿದ್ಲೇನು, ಅಂತ.” ಅವನು ತಾಯಿಯ ಮುಖ ನೋಡಿದ. ಸಿಟ್ಟಿನಿಂದಲ್ಲ. “ಆ ಮಾತಿನ ಮ್ಯಾಲ ಇಷ್ಟ ದಿನಾ ತಗದೇನಿ. ಈಗ ನನಗ ನಾ ಏನ್ ಹೇಳಕೊಳ್ಳಲಿ, ನೀನ ಹೇಳ ಯವ್ವಾ.”

ಸುಂದ್ರವ್ವ ಕತ್ತಲಾಗುವತನಕ ಅಲ್ಲೇ ಕೂತಿದ್ದಳು.